ಕಮಿಟ್ ಯಾವ ಡಿಸ್ಕ್‌ಗಾಗಿ ಕಾಯ್ತಿದೆ?

ಓದುಗರ ಪ್ರಶ್ನೆ: ಡೇಟಾಬೇಸ್ ಅಂಕಣ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಡಿಸ್ಕ್ ಬಗ್ಗೆಯೇ ಇದ್ದವು. ಮೊದಲನೇ ಪ್ರಶ್ನೆಗೆ ಉತ್ತರ ಉದ್ದ ಆಗಿದೆ. ಉಳಿದವಕ್ಕೆ ಬೇಕಾದ ಅರ್ಧ ವಿಷಯ ಅದರಲ್ಲೇ ಇರೋದರಿಂದ ಬೇಕಂತಲೇ ಹಾಗೆ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ದಿನವಿಡೀ ಆರ್ಡರ್ ಬರುವ ವ್ಯವಸ್ಥೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡಿಸುತ್ತೇವೆ, ಡೇಟಾ ಸುಮಾರು 700 ಜಿಬಿ ಇದೆ. ಹೊಸ ಸರ್ವರ್‌ಗೆ 10,000 ಆರ್‌ಪಿಎಂನ, 1.2 ಟಿಬಿಯ 8 ಡಿಸ್ಕ್ ಸಿಕ್ಕಿವೆ. ಸರ್ವರ್ ಹಾಕಿಕೊಡುವವರು "ಎಂಟನ್ನೂ ಸೇರಿಸಿ ಒಂದೇ ರೇಡ್ 5 ಮಾಡೋಣ, ಜಾಗ ಜಾಸ್ತಿ ಸಿಗುತ್ತೆ" ಅಂತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ತಿಲ್ಲ.

ನಿಮ್ಮ ಮನಸ್ಸು ಹೇಳ್ತಿರೋದು ಸರಿ. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕ್‌ನಂತೆ ಜೋಡಿಸುವ ರೀತಿ. ಅವರು ಜಾಗದ ಲೆಕ್ಕ ಹಾಕಿದ್ದಾರೆ. ಆದರೆ ನಿಮಗೆ ಜಾಗದ ಕೊರತೆಯೇ ಇಲ್ಲ. 700 ಜಿಬಿಗೆ 8.4 ಟಿಬಿ ಯಾಕೆ ಬೇಕು? ನಿಮಗೆ ಕಡಿಮೆ ಬೀಳೋದು ಡಿಸ್ಕ್ ಒಂದು ಸೆಕೆಂಡಿಗೆ ಎಷ್ಟು ಸಲ ಓದಿ ಬರೆಯಬಲ್ಲದು ಅನ್ನೋದು.

ಒಂದು ಡಿಸ್ಕ್‌ನಿಂದ ಶುರು ಮಾಡೋಣ. ನಿಮಿಷಕ್ಕೆ 10,000 ಸುತ್ತು ಅಂದರೆ ಒಂದು ಸುತ್ತಿಗೆ 6 ಮಿಲಿಸೆಕೆಂಡ್. ಬೇಕಾದ ಜಾಗ ಹೆಡ್‌ನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, 3 ಮಿಲಿಸೆಕೆಂಡ್. ಹೆಡ್ ಸರಿಯಾದ ಟ್ರ್ಯಾಕ್‌ಗೆ ಸರಿಯೋಕೆ ಇನ್ನೊಂದು 4 ಅಂತಿಟ್ಟುಕೊಳ್ಳಿ. ಒಟ್ಟು 7 ಮಿಲಿಸೆಕೆಂಡ್. ಅಂದರೆ ಅಲ್ಲಲ್ಲಿ ಚದುರಿದ ಓದು-ಬರಹ ಸೆಕೆಂಡಿಗೆ ಹೆಚ್ಚುಕಡಿಮೆ 140. ಎಂಟು ಡಿಸ್ಕ್‌ಗೆ 1,120. ನಿಮ್ಮ ಕೈಲಿರೋ ಒಟ್ಟು ಬಂಡವಾಳ ಇಷ್ಟೇ.

ಈಗ ರೇಡ್ ಇದರಲ್ಲಿ ಎಷ್ಟು ತಿನ್ನುತ್ತೆ ಅಂತ ನೋಡಿ. ರೇಡ್ 5ರಲ್ಲಿ ಒಂದು ಸಣ್ಣ ಪೇಜ್ (ಡೇಟಾಬೇಸ್ ಒಂದು ಸಲಕ್ಕೆ ಓದಿ ಬರೆಯುವ ತುಂಡು) ಬರೆಯೋಕೆ ನಾಲ್ಕು ಕೆಲಸ: ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಲೆಕ್ಕ ಹಾಕೋಕೆ ಇಡುವ ಹೆಚ್ಚುವರಿ ಮಾಹಿತಿ) ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ. ರೇಡ್ 6ರಲ್ಲಿ ಆರು. ರೇಡ್ 10ರಲ್ಲಿ ಎರಡೇ, ಜೋಡಿಯ ಎರಡೂ ಡಿಸ್ಕ್‌ಗೆ ಒಂದೊಂದು ಸಲ. ನಿಮ್ಮಲ್ಲಿ 100 ಕೋರಿಕೆಗೆ 60 ಓದು, 40 ಬರಹ ಅಂದುಕೊಳ್ಳೋಣ. ಆರ್ಡರ್ ವ್ಯವಸ್ಥೆಯಲ್ಲಿ ಅಷ್ಟು ಬರಹ ಇರೋದು ಅಪರೂಪ ಏನಲ್ಲ. ರೇಡ್ 10 ಆದರೆ ಸೆಕೆಂಡಿಗೆ 800 ಕೋರಿಕೆ ನಿಭಾಯಿಸಬಹುದು. ರೇಡ್ 5 ಆದರೆ ಸುಮಾರು 510. ರೇಡ್ 6ರಲ್ಲಿ 370ರ ಆಸುಪಾಸು. ಡಿಸ್ಕ್ ಅವೇ, ಕೆಲಸವೂ ಅದೇ. ಜೋಡಿಸಿದ ರೀತಿಯಿಂದಲೇ ಇಷ್ಟು ವ್ಯತ್ಯಾಸ.

ಡಿಸ್ಕ್ ಕೆಟ್ಟಾಗ ಏನಾಗುತ್ತೆ ಅನ್ನೋದನ್ನೂ ಕೇಳಿಕೊಳ್ಳಿ. ರೇಡ್ 5ರಲ್ಲಿ ಒಂದು ಡಿಸ್ಕ್ ಹೋದರೆ, ಅದರಲ್ಲಿದ್ದ ಪ್ರತಿ ಪೇಜ್ ಓದೋಕೂ ಉಳಿದ ಏಳನ್ನೂ ಓದಿ ಲೆಕ್ಕ ಹಾಕಬೇಕು. ಹೊಸ ಡಿಸ್ಕ್ ತುಂಬಿ ಮುಗಿಯೋವರೆಗೆ ಇದೇ ಪಾಡು, ಅಷ್ಟರಲ್ಲಿ ಇನ್ನೊಂದು ಹೋದರೆ ಎಲ್ಲವೂ ಹೋಯಿತು. ರೇಡ್ 10ರಲ್ಲಿ ಜೋಡಿಯ ಇನ್ನೊಂದು ಡಿಸ್ಕ್‌ನಿಂದ ನಕಲು ಮಾಡಿದರೆ ಮುಗೀತು. ಡಿಸ್ಕ್ ದೊಡ್ಡದಾದಷ್ಟೂ ಇದು ಗಂಭೀರ. 10 ಟಿಬಿ ಡಿಸ್ಕ್‌ಗೆ ಸೆಕೆಂಡಿಗೆ 150 ಎಂಬಿಯಂತೆ ನಿಲ್ಲದೆ ಬರೆದರೂ 18 ಗಂಟೆ ಮೀರುತ್ತೆ. ಸರ್ವರ್ ಕೆಲಸ ಮಾಡುತ್ತಾ ಇದ್ದರೆ ಇನ್ನೂ ಜಾಸ್ತಿ.

ಇನ್ನು ಲಾಗ್. ನಿಜ ಹೇಳಬೇಕಂದರೆ ನಾನು ಯಾವ ಸರ್ವರ್ ಯೋಜನೆಯನ್ನೂ ಇಲ್ಲಿಂದಲೇ ಶುರು ಮಾಡೋದು. ಡೇಟಾಬೇಸ್ ನಿಮ್ಮ ಟೇಬಲ್ ಪೇಜನ್ನು ಆಗಿಂದಾಗಲೇ ಡಿಸ್ಕ್‌ಗೆ ಬರೆಯೋದಿಲ್ಲ. ಏನು ಬದಲಾಯಿತು ಅಂತ ಮೊದಲು ಲಾಗ್‌ಗೆ ಬರೆಯುತ್ತೆ, ಅದು ಡಿಸ್ಕ್‌ಗೆ ಗಟ್ಟಿಯಾಗಿ ತಲುಪಿದ ಮೇಲೆ "ಕಮಿಟ್ ಆಯ್ತು", ಅಂದರೆ ಬದಲಾವಣೆ ಖಾಯಂ ಆಯ್ತು, ಅನ್ನುತ್ತೆ. ಟೇಬಲ್ ಪೇಜ್‌ಗಳು ಮೆಮೊರಿಯಲ್ಲೇ ಇದ್ದು ನಿಧಾನಕ್ಕೆ ಇಳಿಯುತ್ತವೆ. ಅಂದರೆ ಪರದೆ ಮುಂದೆ ಕೂತ ಮನುಷ್ಯ ಆರ್ಡರ್ ಒತ್ತಿ ಕಾಯೋದು ಲಾಗ್ ಇರುವ ಡಿಸ್ಕ್‌ಗಾಗಿ. ನಡುವೆ ಕ್ಯಾಶ್ (ಬರಹವನ್ನು ತಾತ್ಕಾಲಿಕವಾಗಿ ಹಿಡಿದಿಡುವ ವೇಗದ ಮೆಮೊರಿ) ಏನೂ ಇಲ್ಲದಿದ್ದರೆ, 10,000 ಆರ್‌ಪಿಎಂ ಡಿಸ್ಕ್‌ನಲ್ಲಿ ಒಂದಾದ ಮೇಲೊಂದು ಕಮಿಟ್‌ಗೆ ಒಂದೊಂದು ಸುತ್ತು ಬೇಕು. ಒಂದೇ ಕನೆಕ್ಷನ್ ಸೆಕೆಂಡಿಗೆ ಸುಮಾರು 166 ಕಮಿಟ್ ದಾಟೋದಿಲ್ಲ. ಸಿಪಿಯು ಎಷ್ಟೇ ಜೋರಾಗಿದ್ದರೂ ಅಷ್ಟೇ.

ನಾನೇ ನೋಡಿದ್ದು ಒಂದಿದೆ. ಡೇಟಾ, ಲಾಗ್ ಎರಡೂ ಒಂದೇ ಡಿಸ್ಕ್ ಗುಂಪಿನಲ್ಲಿದ್ದ ಪೋಸ್ಟ್‌ಗ್ರೆಸ್ ಸರ್ವರ್. ದೂರು ಏನಂದರೆ "ಆಗಾಗ ಸಿಕ್ಕಿಹಾಕಿಕೊಳ್ಳುತ್ತೆ". ನಾನು ಒಂದು ಕಿಟಕಿಯಲ್ಲಿ ಡಿಸ್ಕ್ ಕೆಲಸ ತೋರಿಸುವ ಐಒಸ್ಟ್ಯಾಟ್ ಇಟ್ಟುಕೊಂಡು ಗಡಿಯಾರ ನೋಡ್ತಾ ಕೂತೆ. ಬರಹಕ್ಕೆ ಕಾಯುವ ಸಮಯ 3, 4, 3, 3 ಮಿಲಿಸೆಕೆಂಡ್ ಅಂತ ಶಾಂತವಾಗಿ ಓಡ್ತಿತ್ತು. ಇದ್ದಕ್ಕಿದ್ದಂತೆ 90, 180, 210. ಒಂದು ನಿಮಿಷದಷ್ಟು ಹೊತ್ತು ಹಾಗೇ. ಮತ್ತೆ 3. ಸರಿಯಾಗಿ ಐದು ನಿಮಿಷಕ್ಕೆ ಮತ್ತೆ ಅದೇ ಏರಿಕೆ. ಐದು ನಿಮಿಷ ಅಂದ ಕೂಡಲೇ ಗೊತ್ತಾಯಿತು, ಪೋಸ್ಟ್‌ಗ್ರೆಸ್‌ನಲ್ಲಿ ಚೆಕ್‌ಪಾಯಿಂಟ್ ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ. ಮೆಮೊರಿಯಲ್ಲಿ ಕೂಡಿಹಾಕಿದ ಪೇಜ್‌ಗಳನ್ನೆಲ್ಲ ಡಿಸ್ಕ್‌ಗೆ ಇಳಿಸುವ ಹೊತ್ತು ಅದು. ಅದರ ಹಿಂದೆ ಕಮಿಟ್‌ಗಳು ಸಾಲಾಗಿ ನಿಂತಿದ್ದವು. ಲಾಗನ್ನು ಎರಡು ಸಣ್ಣ ಡಿಸ್ಕ್‌ನ ಮಿರರ್‌ಗೆ (ಎರಡರಲ್ಲೂ ಒಂದೇ ನಕಲು) ಬದಲಾಯಿಸಿದೆವು. ಡೇಟಾ ಡಿಸ್ಕ್‌ನಲ್ಲಿ ಏರಿಳಿತ ಹಾಗೇ ಉಳಿಯಿತು. ಆದರೆ ಕಮಿಟ್‌ಗೆ ಕಾಯುವ ಸಮಯದ ಗೆರೆ ನೇರ ಆಯಿತು, ದೂರು ನಿಂತಿತು. ಆಮೇಲೆ ಚೆಕ್‌ಪಾಯಿಂಟ್ ಕೆಲಸವನ್ನು ಹೆಚ್ಚುಕಡಿಮೆ ಪೂರ್ತಿ ಅವಧಿಗೆ ಹರಡುವಂತೆ ಸೆಟ್ಟಿಂಗ್ ತಿದ್ದಿದೆವು. ಪೋಸ್ಟ್‌ಗ್ರೆಸ್ 14ರಿಂದ ಈಚೆಗೆ ಆ ಸೆಟ್ಟಿಂಗ್ 0.9, ಅಂದರೆ ಅವಧಿಯ ಹತ್ತರಲ್ಲಿ ಒಂಬತ್ತು ಪಾಲು, ಅಂತ ಮೊದಲೇ ಬರುತ್ತೆ, ಹಳೆಯದರಲ್ಲಿ ನೀವೇ ಇಡಬೇಕು.

ಹಾಗಾದರೆ ನಿಮ್ಮ 8 ಡಿಸ್ಕ್? ಎರಡನ್ನು ಮಿರರ್ ಮಾಡಿ ಅದರಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಲಾಗ್, ಬೇರೆ ಬೇರೆ ಪಾರ್ಟಿಷನ್‌ನಲ್ಲಿ. ಉಳಿದ ಆರು ರೇಡ್ 10, ಅದರಲ್ಲಿ ಡೇಟಾ. 3.6 ಟಿಬಿ ಸಿಗುತ್ತೆ, ಅಂದರೆ ಈಗಿನ ಡೇಟಾದ ಐದು ಪಟ್ಟು. ಇದಕ್ಕೆ ಒಂದು ಬೆಲೆ ಇದೆ, ಮುಚ್ಚಿಡೋದಿಲ್ಲ. ಡೇಟಾಗೆ ಸಿಗುವ ಶಕ್ತಿ ಎಂಟು ಡಿಸ್ಕ್‌ನಿಂದ ಆರಕ್ಕೆ ಇಳಿಯಿತು. ನಿಮ್ಮ ರೇಡ್ ಕಾರ್ಡ್‌ನಲ್ಲಿ (ಡಿಸ್ಕ್‌ಗಳನ್ನು ಜೋಡಿಸಿ ನಡೆಸುವ ಕಂಟ್ರೋಲರ್) ಬ್ಯಾಟರಿ ಇರುವ ಬರಹ-ಕ್ಯಾಶ್ ಇದ್ದು, ಕೆಲಸದಲ್ಲಿ ಓದೇ ಜಾಸ್ತಿ ಇದ್ದರೆ, ಎಂಟನ್ನೂ ಒಂದೇ ರೇಡ್ 10 ಮಾಡೋದು ವೇಗದಲ್ಲಿ ಗೆಲ್ಲಬಹುದು.

ಆದರೂ ನಾನು ಬೇರೆ ಮಾಡುವ ಕಡೆಗೇ ವಾಲುತ್ತೇನೆ. ಡೇಟಾ ಡಿಸ್ಕ್‌ಗಳು ಪೂರ್ತಿ ಹೋದವು ಅಂತಿಟ್ಟುಕೊಳ್ಳಿ. ಲಾಗ್ ಬೇರೆ ಡಿಸ್ಕ್‌ನಲ್ಲಿ ಉಳಿದಿದ್ದರೆ, ಹಿಂದಿನ ಬೇಸ್ ಬ್ಯಾಕಪ್ (ಇಡೀ ಡೇಟಾಬೇಸ್‌ನ ನಕಲು), ಅದಾದ ಮೇಲೆ ಆರ್ಕೈವ್ ಆದ (ಬೇರೆಡೆ ಎತ್ತಿಟ್ಟ) ಲಾಗ್, ಕೊನೆಗೆ ಈ ಉಳಿದ ಲಾಗ್ ಸೇರಿಸಿ ಕೊನೆಯ ಕಮಿಟ್‌ವರೆಗೂ ತರಬಹುದು. ಎರಡೂ ಒಂದೇ ಕಡೆ ಇದ್ದರೆ ಕೊನೆಯ ಆ ತುಂಡು ಸಿಗೋದಿಲ್ಲ. ಆ ತುಂಡಿನಲ್ಲೇ ಇವತ್ತಿನ ಆರ್ಡರ್‌ಗಳು ಇರೋದು.

ಲಾಗ್ ಸಾಗಿಸೋದು ಕಷ್ಟ ಅಲ್ಲ. ಸರ್ವರ್ ಸರಿಯಾಗಿ ನಿಲ್ಲಿಸಿ, ಲಾಗ್ ಫೋಲ್ಡರನ್ನು ಹೊಸ ಜಾಗಕ್ಕೆ ಹಾಕಿ, ಹಳೆಯ ಜಾಗದಲ್ಲಿ ಹೊಸ ಜಾಗ ತೋರಿಸುವ ಸಿಂಬಾಲಿಕ್ ಲಿಂಕ್ ಇಡಿ. ಫೋಲ್ಡರ್‌ನ ಮಾಲೀಕ ಮತ್ತು ಅನುಮತಿ ಮೊದಲಿದ್ದ ಹಾಗೇ ಇದೆಯಾ ನೋಡಿಕೊಂಡು ಶುರು ಮಾಡಿ.

ಪ್ರಶ್ನೆ: ನಮ್ಮ ಸರ್ವರ್ ವರ್ಷದಲ್ಲಿ ಮೂರ್ನಾಲ್ಕು ಸಲ ಕಾರಣವೇ ಇಲ್ಲದೆ ಕೆಲವು ಗಂಟೆ ನಿಧಾನ ಆಗುತ್ತೆ. ಆಮೇಲೆ ತಾನಾಗೇ ಸರಿಹೋಗುತ್ತೆ. ಕ್ವೆರಿ, ಇಂಡೆಕ್ಸ್ ಎಲ್ಲ ನೋಡಾಯಿತು.

ರೇಡ್ ಕಾರ್ಡ್‌ನ ಬ್ಯಾಟರಿ ನೋಡಿದಿರಾ?

ಇದೇ ತೊಂದರೆ ಹಿಡಿದು ನಾನೂ ಎರಡು ಸಲ ಕ್ವೆರಿಗಳಲ್ಲಿ ಹುಡುಕಾಡಿದ್ದೇನೆ. ಮೂರನೇ ಸಲ ಯಾರೋ ಕಾರ್ಡ್‌ನ ಘಟನೆಗಳ ಪಟ್ಟಿ ತೆಗೆದರು. ನಿಧಾನ ಶುರುವಾದ ನಿಮಿಷಕ್ಕೇ ಒಂದು ಸಾಲು: ಬ್ಯಾಟರಿ ಕಲಿಕೆ ಶುರು. ಎಷ್ಟೋ ರೇಡ್ ಕಾರ್ಡ್‌ಗಳು ಕೆಲವು ತಿಂಗಳಿಗೊಮ್ಮೆ ತಮ್ಮ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸಿ ಪರೀಕ್ಷೆ ಮಾಡುತ್ತವೆ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಕ್ಯಾಶ್‌ನಲ್ಲಿರೋದು ಉಳಿಯೋದಿಲ್ಲ. ಅದಕ್ಕೇ ಕಾರ್ಡ್ ಕ್ಯಾಶ್ ಬಿಟ್ಟು ಪ್ರತಿ ಬರಹವನ್ನೂ ನೇರ ಡಿಸ್ಕ್‌ಗೆ ಹಾಕುತ್ತೆ. ಒಂದು ಮಿಲಿಸೆಕೆಂಡ್‌ಗೂ ಕಡಿಮೆ ಇದ್ದ ಕಮಿಟ್ ಹತ್ತಾರು ಮಿಲಿಸೆಕೆಂಡ್ ಆಗುತ್ತೆ. ಕಾರ್ಡ್ ಮಾಡಿದ್ದು ಸರಿಯಾದ ಕೆಲಸವೇ. ಅದು ಮಧ್ಯಾಹ್ನ ಜನ ತುಂಬಿರುವ ಹೊತ್ತಿಗೆ ಬಂದದ್ದು ತೊಂದರೆ. ಸಮಯವನ್ನು ರಾತ್ರಿಗೆ ಬದಲಾಯಿಸುವ ಸೌಲಭ್ಯ ಬಹಳ ಕಾರ್ಡ್‌ಗಳಲ್ಲಿದೆ.

ಬ್ಯಾಟರಿ ಪೂರ್ತಿ ಸತ್ತಿದ್ದರೆ ತಾನಾಗೇ ಸರಿಹೋಗೋದಿಲ್ಲ, ಸರ್ವರ್ ನಿಧಾನವಾಗೇ ಉಳಿಯುತ್ತೆ. ಆಗ "ಬ್ಯಾಟರಿ ಇಲ್ಲದಿದ್ದರೂ ಕ್ಯಾಶ್ ಬಳಸು" ಅನ್ನೋ ಆಯ್ಕೆ ಕಣ್ಣಿಗೆ ಬೀಳುತ್ತೆ. ಒತ್ತಿದರೆ ವೇಗ ವಾಪಸ್ ಬರುತ್ತೆ, ಎಲ್ಲರೂ ಖುಷಿ. ದಯವಿಟ್ಟು ಒತ್ತಬೇಡಿ. ಡೇಟಾಬೇಸ್ "ಕಮಿಟ್ ಆಯ್ತು" ಅಂತ ಕೊಟ್ಟ ಮಾತು ಆ ಬ್ಯಾಟರಿಯ ಮೇಲೆ ನಿಂತಿದೆ. ಡಿಸ್ಕ್‌ನ ಒಳಗಿರುವ ಸ್ವಂತ ಬರಹ-ಕ್ಯಾಶ್‌ಗೂ ಇದೇ ಮಾತು. ಅದಕ್ಕೆ ಬ್ಯಾಟರಿ ರಕ್ಷಣೆ ಇರೋದಿಲ್ಲ, ಕಾರ್ಡ್‌ನಲ್ಲಿ ಅದು ಆಫ್ ಇದೆಯಾ ಅಂತ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ಈಗೆಲ್ಲ ಎಸ್‌ಎಸ್‌ಡಿ ಬಂದಿವೆ. ಡೇಟಾ ಬೇರೆ, ಲಾಗ್ ಬೇರೆ ಅನ್ನೋದು ಹಳೇ ಕಾಲದ ಮಾತು ಅಲ್ವಾ?

ಅರ್ಧ ಹಳೇ ಮಾತು ಹೌದು. ಹೆಡ್ ಅತ್ತಿತ್ತ ಓಡೋದಿಲ್ಲ, ಸುತ್ತು ಕಾಯೋದಿಲ್ಲ. ಒಂದು ಒಳ್ಳೆಯ ಎನ್‌ವಿಎಂಇ ಡ್ರೈವ್ (ವೇಗದ ಬಗೆಯ ಎಸ್‌ಎಸ್‌ಡಿ) ಸೆಕೆಂಡಿಗೆ ಲಕ್ಷಗಟ್ಟಲೆ ಓದು ಕೊಡುತ್ತೆ. ಬರೀ ವೇಗಕ್ಕೆ ಬೇರೆ ಮಾಡೋ ಅಗತ್ಯ ಬಹಳ ಕಡೆ ಇಲ್ಲ.

ಆದರೆ ಮೊದಲ ಉತ್ತರದ ಕೊನೆಯ ಕಾರಣ ಹಾಗೇ ಇದೆ. ಡ್ರೈವ್ ಗುಂಪು ಹೋದಾಗ ಲಾಗ್ ಉಳೀಬೇಕು. ಜೊತೆಗೆ ತುಂಬಿಹೋಗುವ ಭಯ. ಯಾರೋ ಒಂದು ದೊಡ್ಡ ರಿಪೋರ್ಟ್ ಓಡಿಸಿ ತಾತ್ಕಾಲಿಕ ಫೈಲ್‌ಗಳಿಂದ ಡಿಸ್ಕ್ ತುಂಬಿಸಿದರೆ, ಲಾಗ್ ಬರೆಯೋಕೆ ಜಾಗ ಇಲ್ಲದೆ ಪೋಸ್ಟ್‌ಗ್ರೆಸ್ ನಿಂತೇ ಹೋಗುತ್ತೆ. ಬೇರೆ ವಾಲ್ಯೂಮ್ ಇದ್ದರೆ ಆ ರಿಪೋರ್ಟ್ ಮಾತ್ರ ಬೀಳುತ್ತೆ. ಒಂದೇ ಡ್ರೈವ್‌ನಲ್ಲೇ ಎರಡು ಲಾಜಿಕಲ್ ವಾಲ್ಯೂಮ್ ಮಾಡಿದರೂ ಈ ಲಾಭ ಸಿಗುತ್ತೆ, ಹೆಚ್ಚು ಖರ್ಚಿಲ್ಲ.

ಎಸ್‌ಎಸ್‌ಡಿ ಆರಿಸುವಾಗ ನಾನು ಮೊದಲು ಹುಡುಕೋದು ಕರೆಂಟ್ ಹೋದಾಗಿನ ರಕ್ಷಣೆ. ಸರ್ವರ್‌ಗೆಂದೇ ಮಾಡಿದ ಡ್ರೈವ್‌ಗಳಲ್ಲಿ ಸಣ್ಣ ಕೆಪಾಸಿಟರ್‌ಗಳಿರುತ್ತವೆ, ಕರೆಂಟ್ ಹೋದರೂ ಒಳಗಿನ ಮೆಮೊರಿಯಲ್ಲಿರೋದನ್ನು ಫ್ಲ್ಯಾಶ್‌ಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿ ಇರುತ್ತೆ. ಇದು ಬರೀ ಸುರಕ್ಷತೆ ಅಲ್ಲ, ವೇಗ ಕೂಡ. ಕೆಪಾಸಿಟರ್ ಇರುವ ಡ್ರೈವ್ ಕಮಿಟ್‌ಗೆ ತಕ್ಷಣ "ಸರಿ" ಅನ್ನಬಹುದು. ಇಲ್ಲದ ಡ್ರೈವ್ ಪ್ರತಿ ಸಲ ಫ್ಲ್ಯಾಶ್‌ಗೆ ಬರೆದು ಮುಗಿಸಬೇಕು. ಮನೆ ಕಂಪ್ಯೂಟರ್‌ನ ಡ್ರೈವ್ ಡಬ್ಬಿಯ ಮೇಲೆ ದೊಡ್ಡ ಸಂಖ್ಯೆ ಬರೆದಿದ್ದರೂ ಡೇಟಾಬೇಸ್ ಹಾಕಿದಾಗ ಸಪ್ಪೆ ಆಗೋದು ಇದಕ್ಕೇ.

ಇನ್ನೊಂದು, ಸವೆತ. ಫ್ಲ್ಯಾಶ್‌ಗೆ ಎಷ್ಟು ಸಲ ಬರೆಯಬಹುದು ಅನ್ನೋದಕ್ಕೆ ಮಿತಿ ಇದೆ. ಡೇಟಾಬೇಸ್ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬರೆಯುತ್ತೆ. ಪೇಜ್ ಅರ್ಧ ಬರೆದಾಗ ಕರೆಂಟ್ ಹೋದರೆ ಕಾಪಾಡೋಕೆ ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ತನ್ನ 16 ಕೆಬಿ ಪೇಜನ್ನು ಎರಡು ಸಲ ಬರೆಯುತ್ತೆ. ಪೋಸ್ಟ್‌ಗ್ರೆಸ್ ಪ್ರತಿ ಚೆಕ್‌ಪಾಯಿಂಟ್ ಆದ ಮೇಲೆ ಒಂದು ಪೇಜ್ ಮೊದಲ ಸಲ ಬದಲಾದಾಗ ಇಡೀ 8 ಕೆಬಿ ಪೇಜನ್ನೇ ಲಾಗ್‌ಗೆ ಹಾಕುತ್ತೆ. ಮಿರರ್‌ನ ಎರಡೂ ಡ್ರೈವ್ ಒಂದೇ ದಿನ ಹಾಕಿದ್ದಾದರೆ ಎರಡೂ ಒಂದೇ ಸಮ ಸವೆಯುತ್ತವೆ. ಒಂದನ್ನು ಬೇರೆ ತಯಾರಿಕೆ ಬ್ಯಾಚ್‌ನಿಂದ ತರಿಸಿ, ಸವೆತದ ಅಂಕಿ ತಿಂಗಳಿಗೊಮ್ಮೆ ಬರೆದಿಡಿ.

ಪೋಸ್ಟ್‌ಗ್ರೆಸ್ ಬಳಸುವವರು ಇದೊಂದು ಮರೆಯಬೇಡಿ. ಚದುರಿದ ಪೇಜ್ ಓದುವ ಬೆಲೆ ಅಂತ ಒಂದು ಸೆಟ್ಟಿಂಗ್ ಇದೆ, ಅದು 4 ಅಂತ ಬರುತ್ತೆ. ತಿರುಗುವ ಡಿಸ್ಕ್‌ನ ಲೆಕ್ಕ ಅದು. ಎಸ್‌ಎಸ್‌ಡಿ ಹಾಕಿದ ಮೇಲೂ ಹಾಗೇ ಬಿಟ್ಟರೆ, ಇಂಡೆಕ್ಸ್ ಇದ್ದರೂ ಪ್ಲಾನರ್ (ಕ್ವೆರಿ ಹೇಗೆ ಓಡಿಸಬೇಕು ಅಂತ ತೀರ್ಮಾನಿಸುವ ಭಾಗ) ಇಡೀ ಟೇಬಲ್ ಓದೋಕೆ ಹೋಗಬಹುದು. 1.1ರ ಹತ್ತಿರಕ್ಕೆ ಇಳಿಸಿ ನೋಡಿ.

ಪ್ರಶ್ನೆ: ಲಾಗ್ ಫೋಲ್ಡರ್ ತುಂಬ್ತಾ ಇದೆ. ಹಳೆಯ ಫೈಲ್ ಅಳಿಸಿದರೆ ಆಗುತ್ತಾ? ಹೆಸರು ಲಾಗ್ ತಾನೇ.

ಬೇಡ, ಕೈ ಹಾಕಬೇಡಿ. ಅದು ಓದಿ ಬಿಸಾಡುವ ಲಾಗ್ ಅಲ್ಲ, ನಿಮ್ಮ ಡೇಟಾದ ಭಾಗ. ಅಳಿಸಿದರೆ ಸರ್ವರ್ ಮತ್ತೆ ಏಳದೇ ಇರಬಹುದು. ಹೀಗೆ ಅಳಿಸಿ ಕಷ್ಟಕ್ಕೆ ಸಿಕ್ಕವರು ಎಷ್ಟು ಜನ ಅಂದರೆ, 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರಲ್ಲಿ ಆ ಫೋಲ್ಡರ್ ಹೆಸರನ್ನೇ ಪಿಜಿ-ಎಕ್ಸ್‌ಲಾಗ್‌ನಿಂದ ಪಿಜಿ-ವಾಲ್ ಅಂತ ಬದಲಾಯಿಸಿದರು.

ತುಂಬೋದಕ್ಕೆ ಕಾರಣ ಹುಡುಕಿ. ಆರ್ಕೈವ್ ಮಾಡುವ ಕಮಾಂಡ್ ಸೋಲ್ತಾ ಇರುತ್ತೆ, ಇಲ್ಲವೇ ಎಂದೋ ನಿಲ್ಲಿಸಿದ ರೆಪ್ಲಿಕಾದ (ನಕಲು ಸರ್ವರ್‌ನ) ಸ್ಲಾಟ್, ಅಂದರೆ ಅದು ಎಲ್ಲಿವರೆಗೆ ಓದಿದೆ ಅನ್ನೋ ಗುರುತು, ಹಾಗೇ ಉಳಿದು, ಆ ರೆಪ್ಲಿಕಾ ಬಂದು ಓದಲಿ ಅಂತ ಎಲ್ಲ ಲಾಗನ್ನೂ ಹಿಡಿದಿಟ್ಟಿರುತ್ತೆ. ಬೇಡವಾದ ಸ್ಲಾಟ್ ತೆಗೆದರೆ ಮುಂದಿನ ಚೆಕ್‌ಪಾಯಿಂಟ್‌ಗೆ ಜಾಗ ತಾನಾಗೇ ಬರುತ್ತೆ. 13ನೇ ಆವೃತ್ತಿಯಿಂದ ಸ್ಲಾಟ್ ಎಷ್ಟು ಲಾಗ್ ಹಿಡಿದಿಡಬಹುದು ಅಂತ ಮಿತಿ ಹಾಕಬಹುದು, ಹಾಕಿ. ಲಾಗ್ ವಾಲ್ಯೂಮನ್ನು ಮಾಮೂಲಿ ಬಳಕೆಯ ಲೆಕ್ಕದಲ್ಲಿ ಅಳೀಬೇಡಿ. ರಜೆಯ ದಿನ ಆರ್ಕೈವ್ ನಿಂತರೆ ಯಾರಾದರೂ ನೋಡೋವರೆಗೆ ಎಷ್ಟು ಲಾಗ್ ಬರುತ್ತೋ ಅಷ್ಟು ಹಿಡಿಸಬೇಕು.

ಪ್ರಶ್ನೆ: ಎಸ್‌ಕ್ಯುಎಲ್ ಸರ್ವರ್‌ನ ಟೆಂಪ್‌ಡಿಬಿ ಎಲ್ಲಿ ಇಡೋದು?

ಟೆಂಪ್‌ಡಿಬಿ ಅಂದರೆ ತಾತ್ಕಾಲಿಕ ಕೆಲಸಕ್ಕಿರುವ ಡೇಟಾಬೇಸ್. ಅದನ್ನು ಸರ್ವರ್‌ನೊಳಗೇ ಇರುವ ವೇಗದ ಎಸ್‌ಎಸ್‌ಡಿಯಲ್ಲಿ ಇಡಿ. ಸರ್ವಿಸ್ ಶುರುವಾದಾಗಲೆಲ್ಲ ಅದು ಹೊಸದಾಗಿ ಹುಟ್ಟುತ್ತೆ, ಬ್ಯಾಕಪ್ ಬೇಕಿಲ್ಲ. ಡೇಟಾ ಫೈಲ್‌ಗಳು ಕೋರ್‌ಗಳ ಸಂಖ್ಯೆಯಷ್ಟು, 8 ದಾಟಬಾರದು, ಎಲ್ಲವೂ ಒಂದೇ ಗಾತ್ರ. ಆದರೆ ಡ್ರೈವ್ ಇಲ್ಲದಿದ್ದರೆ ಸರ್ವಿಸ್ ಏಳೋದೇ ಇಲ್ಲ, ಆದ್ದರಿಂದ ಮಿರರ್ ಮಾಡಿ. ಫಾರ್ಮ್ಯಾಟ್ ಮಾಡುವಾಗ 64 ಕೆಬಿ ಯೂನಿಟ್ (ಜಾಗ ಹಂಚುವ ತುಂಡಿನ ಗಾತ್ರ) ಇಡಿ.

ಪ್ರಶ್ನೆ: ಹೊಸ ಡಿಸ್ಕ್‌ಗಳನ್ನು ಡೇಟಾಬೇಸ್ ಹಾಕುವ ಮುಂಚೆ ಹೇಗೆ ಪರೀಕ್ಷೆ ಮಾಡಲಿ? ದೊಡ್ಡ ಫೈಲ್ ನಕಲು ಮಾಡಿ ನೋಡಿದೆ, ಸೆಕೆಂಡಿಗೆ 1 ಜಿಬಿ ಬಂತು.

ನಕಲು ಮಾಡೋದು ಬ್ಯಾಕಪ್ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಹೇಳುತ್ತೆ, ಆರ್ಡರ್ ಎಷ್ಟು ಬೇಗ ಆಗುತ್ತೆ ಅಂತ ಅಲ್ಲ. ಫಿಯೋ ಅನ್ನೋ ಉಪಕರಣ ತಗೊಳ್ಳಿ, ಎರಡು ಪರೀಕ್ಷೆ ಮಾಡಿ. ಮೊದಲನೆಯದು ಡೇಟಾದ್ದು: 8 ಕೆಬಿ ತುಂಡು, ಚದುರಿದ ಓದು-ಬರಹ, ನಿಮ್ಮ ಪ್ರಮಾಣದಲ್ಲಿ. ಪರೀಕ್ಷೆಯ ಫೈಲ್ ನಿಮ್ಮ ಮೆಮೊರಿಗಿಂತ ಎರಡು ಪಟ್ಟಾದರೂ ದೊಡ್ಡದಿರಲಿ, ಇಲ್ಲದಿದ್ದರೆ ಡಿಸ್ಕ್ ಬದಲು ರ‍್ಯಾಮ್ ಅಳೀತೀರಿ. ಎರಡನೆಯದು ಲಾಗ್‌ದ್ದು: ಒಂದೇ ಜಾಬ್, 8 ಕೆಬಿ, ಸಾಲಾಗಿ ಬರಹ, ಪ್ರತಿ ಬರಹಕ್ಕೂ ಎಫ್‌ಸಿಂಕ್ (ಡಿಸ್ಕ್‌ಗೆ ಗಟ್ಟಿಯಾಗಿ ತಲುಪಿಸು ಅನ್ನೋ ಆದೇಶ). ಬ್ಯಾಟರಿ-ಕ್ಯಾಶ್ ಅಥವಾ ಕೆಪಾಸಿಟರ್ ಇರುವ ಎಸ್‌ಎಸ್‌ಡಿ ಇದ್ದರೆ ಇದರ ಸಂಖ್ಯೆ ಸೆಕೆಂಡಿಗೆ ಸಾವಿರಗಳಲ್ಲಿ ಇರಬೇಕು. ತಿರುಗುವ ಡಿಸ್ಕ್‌ನಲ್ಲಿ, ಬ್ಯಾಟರಿ-ಕ್ಯಾಶ್ ಇಲ್ಲದೆಯೂ ಸಾವಿರಗಳಲ್ಲಿ ಬಂದರೆ ಖುಷಿಪಡಬೇಡಿ. ಮೇಲೆ ಹಾಕಿದ 166ರ ಲೆಕ್ಕ ನೆನಪಿಸಿಕೊಳ್ಳಿ. ಯಾರೋ ನಡುವೆ ಸುಳ್ಳು ಹೇಳ್ತಿದ್ದಾರೆ, ಬರೆಯದೇ ಬರೆದೆ ಅಂತಿದ್ದಾರೆ.

ಎಸ್‌ಎಸ್‌ಡಿ ಆದರೆ ಐದು ನಿಮಿಷದ ಪರೀಕ್ಷೆ ಸಾಲದು. ಹೊಸ ಡ್ರೈವ್ ಖಾಲಿ ಇರುತ್ತೆ, ಚೆನ್ನಾಗೇ ಓಡುತ್ತೆ. ಪೂರ್ತಿ ಒಮ್ಮೆ ತುಂಬಿಸಿ, ಆಮೇಲೆ ಗಂಟೆಗಟ್ಟಲೆ ಓಡಿಸಿ. ಸರಾಸರಿ ನೋಡಬೇಡಿ, 100ರಲ್ಲಿ ಅತಿ ನಿಧಾನವಾದ ಒಂದು ಎಷ್ಟು ಹೊತ್ತು ತಗೊಂಡಿತು ಅಂತ ನೋಡಿ. ಫೋನ್ ಮಾಡಿ ದೂರು ಹೇಳೋದು ಆ ಒಬ್ಬರು. ಐಒಸ್ಟ್ಯಾಟ್‌ನಲ್ಲಿ ಯುಟಿಲ್ (ಡಿಸ್ಕ್ ಕೆಲಸದಲ್ಲಿದ್ದ ಶೇಕಡಾ ಸಮಯ) 100 ಅಂತ ಕಂಡರೆ ಗಾಬರಿ ಬೇಡ. ತಿರುಗುವ ಡಿಸ್ಕ್‌ಗೆ ಅದು ತುಂಬಿದ ಗುರುತು. ಒಟ್ಟಿಗೆ ನೂರಾರು ಕೋರಿಕೆ ನಡೆಸುವ ಎಸ್‌ಎಸ್‌ಡಿಗೆ ಅದಕ್ಕೆ ಅಂಥ ಅರ್ಥ ಇಲ್ಲ, ಕಾಯುವ ಸಮಯದ ಕಾಲಂ ನೋಡಿ.

ಪ್ರಶ್ನೆ: ಡೇಟಾ ಮತ್ತು ಲಾಗ್ ಎರಡು ವಾಲ್ಯೂಮ್‌ನಲ್ಲಿವೆ. ರಾತ್ರಿ ಒಂದರ ಸ್ನ್ಯಾಪ್‌ಶಾಟ್ ಆದ ಮೇಲೆ ಇನ್ನೊಂದರದ್ದು ತೆಗೆಯುತ್ತೇವೆ. ಬ್ಯಾಕಪ್ ಆಯ್ತಲ್ವಾ?

ಇಲ್ಲ. ಸ್ನ್ಯಾಪ್‌ಶಾಟ್ ಅಂದರೆ ವಾಲ್ಯೂಮ್‌ನ ಆ ಕ್ಷಣದ ಸ್ಥಿತಿಯ ಪ್ರತಿ. ಎರಡರ ನಡುವೆ ಕೆಲವೇ ಸೆಕೆಂಡ್ ಅಂತರ ಇದ್ದರೂ ಒಂದು ವಾಲ್ಯೂಮ್‌ನಲ್ಲಿರುವ ಕಾಲ ಇನ್ನೊಂದಕ್ಕೆ ಹೊಂದೋದಿಲ್ಲ, ವಾಪಸ್ ತಂದಾಗ ಡೇಟಾಬೇಸ್ ಏಳದಿರಬಹುದು, ಎದ್ದರೂ ಒಳಗೆ ಕೆಟ್ಟಿರಬಹುದು. ಎರಡನ್ನೂ ಒಂದೇ ಕ್ಷಣದಲ್ಲಿ ಹಿಡಿಯುವ ಗುಂಪು-ಸ್ನ್ಯಾಪ್‌ಶಾಟ್ ನಿಮ್ಮ ಸ್ಟೋರೇಜ್‌ನಲ್ಲಿ ಇದೆಯಾ ಕೇಳಿ. ಇಲ್ಲದಿದ್ದರೆ ಡೇಟಾಬೇಸ್‌ನದೇ ಬೇಸ್ ಬ್ಯಾಕಪ್ ಮತ್ತು ಲಾಗ್ ಆರ್ಕೈವ್ ಬಳಸಿ, ಎರಡನ್ನೂ ಬೇರೆ ಯಂತ್ರಕ್ಕೆ ಕಳಿಸಿ. ಸ್ನ್ಯಾಪ್‌ಶಾಟ್ ಮೂಲ ಡಿಸ್ಕ್‌ಗಳ ಮೇಲೇ ಕೂತಿದ್ದರೆ, ಆ ಡಿಸ್ಕ್‌ಗಳ ಜೊತೆಗೇ ಅದೂ ಹೋಗುತ್ತೆ. ಈ ವಾರವೇ ಒಂದು ಖಾಲಿ ಯಂತ್ರಕ್ಕೆ ವಾಪಸ್ ತಂದು, ನಿನ್ನೆಯ ಕೊನೆಯ ಆರ್ಡರ್ ಅದರಲ್ಲಿ ಇದೆಯಾ ಅಂತ ಹುಡುಕಿ ನೋಡಿ. ಎಷ್ಟು ಹೊತ್ತು ಹಿಡಿಯಿತು ಅಂತ ನನಗೂ ಬರೆಯಿರಿ.